ಮುಟ್ಟಿದವರು ಮುಗಿಸುವ ಕಲಾಪ್ರದರ್ಶನ: ಏರ್ಪಡಿಸುವವರಿಗೆ ಕೆಲವು ಸೂಚನೆಗಳು

ಚಿತ್ರವೊಂದರ ಗೆರೆಗಳನ್ನು ಉಬ್ಬಿಸಿ, ಕೆಳಗೆ ಬ್ರೈಲ್ ಪಟ್ಟಿ ಅಂಟಿಸಿ, ‘ಇದು ಅಂಧರಿಗಾಗಿ’ ಎಂದು ಮೂಲೆಯಲ್ಲಿಟ್ಟರೆ ನನಗೆ ಸಿಗುವುದು ಬೇರೆಯವರು ನೋಡಿ ಮುಗಿಸಿದ್ದರ ನಕಲು ಮಾತ್ರ. ನನಗೆ ಬೇಕಾದದ್ದು ನನ್ನ ಕೈ ತಗಲದೆ ಪೂರ್ಣವಾಗದ ಕೃತಿ. ಮಂಗಳೂರು, ಉಡುಪಿ, ಮಣಿಪಾಲದ ಕಿರಿಯ ಕಲಾವಿದರು ಸಲಹೆ ಕೇಳಿದಾಗಲೆಲ್ಲ ನಾನು ಇಲ್ಲಿಂದಲೇ ಆರಂಭಿಸುತ್ತೇನೆ. ನಾನು ಬ್ಯಾಂಕ್ ಉದ್ಯೋಗಿ. ಕಾಲೇಜು ಮುಗಿಯುವ ಹೊತ್ತಿಗೆ ದೃಷ್ಟಿ ಪೂರ್ತಿ ಹೋಗಿತ್ತು. ಹಾಗಾಗಿ ಕಲೆಯನ್ನು ಕಣ್ಣಿನಿಂದಲೂ ಬಲ್ಲೆ, ಕೈಯಿಂದಲೂ ಬಲ್ಲೆ.

ಬ್ರೆಜಿಲ್‌ನ ಲಿಜಿಯಾ ಕ್ಲಾರ್ಕ್ 1960ರ ಸುಮಾರಿಗೆ ಲೋಹದ ತಗಡುಗಳನ್ನು ಬಿಜಾಗರಿಗಳಿಂದ ಜೋಡಿಸಿ ‘ಬಿಶೂಸ್’ ಎಂಬ ಶಿಲ್ಪಗಳನ್ನು ಮಾಡಿದರು. ಮಡಚಿ ಬಿಡಿಸುವವರ ಕೈಯಲ್ಲಿ ಅವುಗಳ ಆಕಾರ ಬದಲಾಗುತ್ತದೆ. 2014ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ಅವರ ಪ್ರದರ್ಶನದಲ್ಲಿ ಮುಟ್ಟಲೆಂದೇ ಪ್ರತಿಕೃತಿಗಳನ್ನು ಇಟ್ಟಿದ್ದರು. ಅವು ಅಂಧರಿಗೆಂದು ಮಾಡಿದವಲ್ಲ, ಎಲ್ಲರಿಗೂ ಎಂದು ಮಾಡಿದವು. ಅದೇ ನನಗೆ ಇಷ್ಟ.

ನಮ್ಮೂರಿನಲ್ಲಿ ಇಂಥ ಕೃತಿಗೆ ಸಾಮಗ್ರಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಹೆಂಚನ್ನೇ ತೆಗೆದುಕೊಳ್ಳಿ. ಹಳೆಯ ಮನೆ ಕೆಡವುವಲ್ಲಿ ಕೇಳಿದರೆ ಸಿಗುತ್ತದೆ. ಹಳೆಯ ಹೆಂಚುಗಳ ಮೈಮೇಲೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿರುತ್ತದೆ. ಬಾಸೆಲ್ ಮಿಷನ್ ಕಾರ್ಖಾನೆಯ ಕೆಲವು ಹೆಂಚುಗಳಲ್ಲಿ 1865 ಎಂಬ ಇಸವಿಯೂ ಇರುತ್ತದೆ. ಬೆರಳಾಡಿಸಿದರೆ ಓದಬಹುದು. ಪಾಚಿ ಉಜ್ಜಿ ತೊಳೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿ. ನೀರು ಕುಡಿದ ಹೆಂಚಿಗೆ ದನಿ ಇರುವುದಿಲ್ಲ. ಚೂಪಾದ ಅಂಚುಗಳನ್ನು ಮರಳುಕಾಗದದಿಂದ ತಿಕ್ಕಿ. ಆಮೇಲೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಹೆಂಚು ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮೊದ್ದು ಸದ್ದು ಮಾಡುತ್ತದೆ. ಬಿರುಕಿನವನ್ನು ಹೊರಗಿಡಿ.

ಮೇಜಿನ ಮೇಲೆ ದಪ್ಪ ತೆಂಗಿನ ಹುರಿಹಗ್ಗ ಎರಡನ್ನು ಸಮಾನಾಂತರವಾಗಿ ಎಳೆದು ಕಟ್ಟಿ, ಅವುಗಳ ಮೇಲೆ ಹೆಂಚುಗಳನ್ನು ಸಾಲಾಗಿ ಮಲಗಿಸಿ. ಹಗ್ಗ ಹೆಂಚಿನ ತುದಿಗೆ ಬರಬಾರದು. ಎರಡೂ ಕಡೆಯಿಂದ ಉದ್ದದ ಕಾಲುಭಾಗದಷ್ಟು ಒಳಗಿರಬೇಕು. ತಟ್ಟಿದಾಗ ಹೆಂಚು ಅತಿ ಕಡಿಮೆ ಕಂಪಿಸುವ ಜಾಗ ಅದರ ಆಸುಪಾಸಿನಲ್ಲೇ ಇದೆ. ಅಲ್ಲಿ ಆಧಾರ ಕೊಟ್ಟರೆ ನಾದ ಅಡಗಿಹೋಗುವುದಿಲ್ಲ. ಬಂದವರು ತಟ್ಟಿ, ಆಲಿಸಿ, ತಮಗೆ ಬೇಕಾದ ಕ್ರಮದಲ್ಲಿ ಹೆಂಚುಗಳನ್ನು ಜೋಡಿಸಲಿ. ಮುಂದೆ ಬರುವವರಿಗೆ ಅವರು ಬಿಟ್ಟುಹೋದ ರಾಗ ಸಿಗುತ್ತದೆ, ಅವರು ಅದನ್ನು ಬದಲಿಸುತ್ತಾರೆ. ‘ಸರಿಯಾದ ಕ್ರಮ’ ಎಂಬುದೊಂದನ್ನು ದಯವಿಟ್ಟು ಇಡಬೇಡಿ. ಇಟ್ಟರೆ ಅದು ಪರೀಕ್ಷೆಯಾಗುತ್ತದೆ.

ಕಣ್ಣಿಗೆ ಇಡೀ ವಸ್ತು ಒಮ್ಮೆಲೇ ಸಿಗುತ್ತದೆ. ಕೈಗೆ ಅದು ತುಂಡು ತುಂಡಾಗಿ ಬಂದು ನಿಧಾನವಾಗಿ ಒಂದಾಗುತ್ತದೆ. ಆದ್ದರಿಂದ ಮೇಜು ಸುಮಾರು 75 ಸೆಂ.ಮೀ. ಎತ್ತರವಿರಲಿ, ಅದರ ಅಗಲ ತೋಳು ಚಾಚಿದರೆ ಮುಗಿಯುವಷ್ಟಿರಲಿ, ಪಕ್ಕದಲ್ಲಿ ಕುರ್ಚಿ ಇರಲಿ. ಹಿಂದಿನಿಂದ ಯಾರೂ ಅವಸರ ಮಾಡಬಾರದು. ಅಲ್ಪದೃಷ್ಟಿ ಇರುವವರೂ ಬರುತ್ತಾರೆ; ಕೆಂಪು ಹೆಂಚಿನ ಕೆಳಗೆ ಬಿಳಿ ಬಟ್ಟೆ ಹಾಸಿದರೆ ಅವರಿಗೆ ಅಂಚು ತಿಳಿಯುತ್ತದೆ.

ಒಂದು ಕೋಣೆಗೆ ಒಂದೇ ಸದ್ದು, ಒಂದೇ ವಾಸನೆ ಸಾಕು. ಶಂಕರಪುರ ಮಲ್ಲಿಗೆಯ ಒಂದು ಚೆಂಡು ಮುಚ್ಚಿದ ಸಭಾಂಗಣವನ್ನೆಲ್ಲ ಆಳಿಬಿಡುತ್ತದೆ. ಹೂವನ್ನು ಮುಚ್ಚಳವಿರುವ ಪಾತ್ರೆಯಲ್ಲಿಡಿ, ಬೇಕಾದವರು ತೆರೆಯಲಿ.

ದಾರಿ ತೋರಿಸಲು ಗೋಡೆಯುದ್ದಕ್ಕೂ ಸೊಂಟದ ಎತ್ತರದಲ್ಲಿ ಹಗ್ಗ ಕಟ್ಟಿ, ಕೃತಿ ಇರುವಲ್ಲೆಲ್ಲ ದೊಡ್ಡ ಗಂಟು ಹಾಕಿ. ನೆಲದಿಂದ ಸುಮಾರು 70 ಸೆಂ.ಮೀ.ಗಿಂತ ಮೇಲೆ ಗೋಡೆಯಿಂದ ಚಾಚಿಕೊಂಡಿರುವ ವಸ್ತು ಬಿಳಿಕೋಲಿಗೆ ಸಿಗುವುದಿಲ್ಲ, ನೇರ ಎದೆಗೋ ಮುಖಕ್ಕೋ ಬಡಿಯುತ್ತದೆ. ಅದರ ಕೆಳಗೆ ನೆಲದಲ್ಲಿ ಏನಾದರೂ ತಡೆ ಇಡಿ. ಕನ್ನಡ ಬ್ರೈಲ್ ಪಟ್ಟಿ ಬೇಕೇ ಬೇಕು. ಆದರೆ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಅನೇಕರಿಗೆ ಬ್ರೈಲ್ ಬರುವುದಿಲ್ಲ. ಕನ್ನಡದಲ್ಲೂ ತುಳುವಿನಲ್ಲೂ ಧ್ವನಿಮುದ್ರಿಕೆ ಮಾಡಿ.

ಸ್ವಯಂಸೇವಕರಿಗೆ ಮೊದಲೇ ಹೇಳಿಕೊಡಿ: ನಮ್ಮ ಕೈ ಹಿಡಿದೆಳೆದು ವಸ್ತುವಿನ ಮೇಲೆ ಇಡಬಾರದು. “ಅಕ್ಕ, ನನ್ನ ಮೊಣಕೈ ಹಿಡಿದುಕೊಳ್ಳುತ್ತೀರಾ?” ಎಂದು ಕೇಳಿದರೆ ಸಾಕು. ‘ಇಲ್ಲಿ’, ‘ಅಲ್ಲಿ’ ಎನ್ನುವ ಬದಲು ‘ನಿಮ್ಮ ಬಲಕ್ಕೆ, ಒಂದು ಮಾರು ದೂರ’ ಎನ್ನಲಿ. ಕೃತಿಯ ಅರ್ಥವನ್ನು ನಾವು ಮುಟ್ಟುವ ಮೊದಲೇ ವಿವರಿಸದಿರಲಿ.

ದೃಷ್ಟಿಯುಳ್ಳವರ ಕಣ್ಣಿಗೆ ಬಟ್ಟೆ ಕಟ್ಟಿ ‘ಅಂಧತ್ವದ ಅನುಭವ’ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಸಿಗುವುದು ಭಯ, ನಮ್ಮ ಅರಿವಲ್ಲ. ಕೆನಡಾದ ಕಲಾವಿದ ಕಾರ್ಮೆನ್ ಪಪಾಲಿಯಾ ಅವರ ನಡಿಗೆಯ ಬಗೆ ಬೇರೆ. ಜನರು ಕಣ್ಣು ಮುಚ್ಚಿ, ಮುಂದಿನವರ ಹೆಗಲು ಹಿಡಿದು ಸಾಲಾಗಿ ನಡೆಯುತ್ತಾರೆ, ಎಲ್ಲರ ಮುಂದೆ ದೃಷ್ಟಿಯ ಹಂಗಿಲ್ಲದೆ ದಾರಿ ಬಲ್ಲ ಪಪಾಲಿಯಾ ಇರುತ್ತಾರೆ. ನೀವೂ ಅಂಧರೊಬ್ಬರನ್ನು ಉದ್ಘಾಟನೆಗೆ ಕರೆಯುವ ಬದಲು ಮೊದಲ ನಕ್ಷೆಯ ದಿನವೇ ಕರೆಯಿರಿ, ಸಂಭಾವನೆ ಕೊಡಿ.

ಸಭಾಂಗಣದವರು ಅನುಮಾನಿಸಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಂ ತೋರಿಸಿ. ಕಲೆ ನಮಗೆ ಎಟುಕುವಂತೆ ಮಾಡಬೇಕೆಂದು ಅದರಲ್ಲಿ ಬರೆದಿದೆ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ 2015ರಿಂದ ‘ಅನುಭವ್’ ಎಂಬ ಸ್ಪರ್ಶ ಗ್ಯಾಲರಿ ಇರುವುದನ್ನೂ ಹೇಳಿ.

ಮಳೆಗಾಲದಲ್ಲಿ ಹುರಿಹಗ್ಗಕ್ಕೆ ಬೂಸು ಹಿಡಿಯುತ್ತದೆ, ನವೆಂಬರ್‌ನಿಂದ ಫೆಬ್ರವರಿಯೊಳಗೆ ಏರ್ಪಡಿಸಿ. ಬಾಗಿಲ ಬಳಿ ಕೈ ತೊಳೆಯಲು ನೀರು ಮತ್ತು ಒಣ ಬಟ್ಟೆ ಇಡಿ. ಹೆಂಚುಗಳು ಒಡೆದೇ ಒಡೆಯುತ್ತವೆ. ಚೂರುಗಳನ್ನು ಕೂಡಲೇ ಗುಡಿಸಿ, ಬದಲಿಗೆ ಇಡಲು ತಟ್ಟಿ ಆರಿಸಿದ ಹೆಂಚುಗಳ ಒಂದು ರಾಶಿ ಮೇಜಿನಡಿಯಲ್ಲಿರಲಿ. ಒಡೆಯುತ್ತದೆಂದು ಹೆದರಿ ‘ಮುಟ್ಟಬೇಡಿ’ ಎಂಬ ಫಲಕ ಮಾತ್ರ ತೂಗುಹಾಕಬೇಡಿ.