ಕೋಠಿ ರೆಸಿಡೆನ್ಸಿಯ ಸಂಸಾರವನ್ನು ಕೂಡಿಸಿದ ಬಗೆ

ಬೀದರಿನಿಂದ ಡಿಗ್ರಿ ಓದಲು ಹೈದರಾಬಾದಿಗೆ ಬಂದಾಗ ನನ್ನ ಕಾಲೇಜು ಕೋಠಿಯಲ್ಲಿತ್ತು. ಎತ್ತರದ ಕಂಬಗಳು, ಅಗಲವಾದ ಮೆಟ್ಟಿಲು, ಅದರ ಎರಡೂ ಬದಿಗೆ ಸಿಂಹಗಳು. ಮೂರು ವರ್ಷ ಅಲ್ಲೇ ಬುತ್ತಿ ಬಿಚ್ಚಿ ಉಂಡಿದ್ದೇನೆ. ಇದು ನಿಜಾಮರ ದರ್ಬಾರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರಾಯಭಾರಿ, ಅಂದರೆ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಮನೆ ಎಂಬುದಷ್ಟು ಗೊತ್ತಿತ್ತು. ಮದುವೆಯಾಗಿ ಕಾಚಿಗುಡದಲ್ಲಿ ನೆಲೆಸಿದ ಮೇಲೆ, ಊರಿಂದ ನೆಂಟರು ಬಂದಾಗಲೆಲ್ಲ ಚಾರ್‌ಮಿನಾರ್ ತೋರಿಸಿ, ಅನುಮತಿ ಸಿಕ್ಕ ದಿನ ಇಲ್ಲಿಗೂ ಕರೆತರುತ್ತಿದ್ದೆ. ನಿಜಾಮರಿಗೂ ಕಂಪನಿಗೂ ಆದ 1798ರ ಒಪ್ಪಂದ, ನಿಜಾಮರ ಬಳಿಯಿದ್ದ ಫ್ರೆಂಚ್ ದಳದ ಆಯುಧ ಇಳಿಸಿದ್ದು, ಎಲ್ಲ ಹೇಳುತ್ತಿದ್ದೆ.

ಒಮ್ಮೆ ಕಲಬುರಗಿಯ ಸೋದರತ್ತೆ ಬಂದಿದ್ದರು. ಎಲ್ಲ ಕೇಳಿಸಿಕೊಂಡು, "ಖರೆ ಅದವಾ. ಆದ್ರ ಆ ದೊರಿಗಿ ಹೆಂಡ್ತಿ ಮಕ್ಕಳು ಇದ್ರೋ ಇಲ್ಲೋ? ಅವರದೇನಾತು?" ಎಂದರು.

"ಇದ್ರು ಅತ್ತಿ, ಹೆಂಡ್ತಿ ಇಲ್ಲಿಯಾಕಿನೇ" ಎಂದೆ. ಮುಂದಕ್ಕೆ ನನ್ನ ಬಳಿ ಮಾತಿರಲಿಲ್ಲ. ಆ ರಾತ್ರಿಯೇ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಒಂದಕ್ಕೊಂದು ಅಂಟಿಸಿದೆ. ವರ್ಷಕ್ಕೆ ಒಂದು ಸೆಂಟಿಮೀಟರ್, ಒಬ್ಬೊಬ್ಬರಿಗೆ ಒಂದೊಂದು ಗೆರೆ. ಜೇಮ್ಸ್ ಮದ್ರಾಸಿನಲ್ಲಿ ಹುಟ್ಟಿದ 1764ರಿಂದ ಶುರು. ಮುದ್ರಿತ ಪತ್ರಗಳು, ಚರಿತ್ರೆಯ ಪುಸ್ತಕಗಳು, ಹೈದರಾಬಾದಿನ ಹಳಬರ ಮಾತು, ಏನೇ ಸಿಕ್ಕರೂ ಮೊದಲು ಆ ಹಾಳೆಯ ಮೇಲೆ ಗುರುತು ಹಾಕುವುದು, ಆಮೇಲೆ ನಂಬುವುದು.

ಮೊದಲ ತೊಡಕು ಹೆಸರುಗಳದು. ಅಪ್ಪನೂ ಜೇಮ್ಸ್, ಮಗನೂ ಜೇಮ್ಸ್, ಮೊಮ್ಮಗಳ ಗಂಡನೂ ಜೇಮ್ಸ್. ರೆಸಿಡೆಂಟ್ ಜೇಮ್ಸ್‌ನ ಅಣ್ಣ ವಿಲಿಯಂ, ಅವನ ಮಗನಿಗೆ ಮುಂದೆ ಇಟ್ಟ ಹೆಸರೂ ವಿಲಿಯಂ ಜಾರ್ಜ್. ಈ ಕಟ್ಟಡದ ನಕ್ಷೆ ಬರೆದ ಎಂಜಿನಿಯರ್ ಸ್ಯಾಮ್ಯುಯೆಲ್ ರಸೆಲ್ ಬೇರೆ, ರೆಸಿಡೆನ್ಸಿಯಲ್ಲಿ ಜೇಮ್ಸ್‌ನ ಕೈಕೆಳಗಿದ್ದ ಹೆನ್ರಿ ರಸೆಲ್ ಬೇರೆ. ಒಮ್ಮೆ ಹತ್ತು ಜನರ ಎದುರು, ಟಿಪ್ಪುವಿನ ಪತ್ರಗಳನ್ನು ಇಂಗ್ಲಿಷಿಗೆ ತಂದವನು ಜೇಮ್ಸ್‌ನ ಮಗ ಎಂದುಬಿಟ್ಟೆ. 1811ರಲ್ಲಿ ಆ ಪುಸ್ತಕ ತಂದದ್ದು ಅಣ್ಣ ವಿಲಿಯಂ. ಆಗ ಹುಡುಗನಿಗೆ ಹತ್ತೇ ವರ್ಷ. ಮನೆಗೆ ಬಂದು ಹಾಳೆ ನೋಡಿದ ಮೇಲೆ ಗೊತ್ತಾಯಿತು. ಮರುದಿನ ಅವರೆಲ್ಲರಿಗೂ ಫೋನ್ ಮಾಡಿ ತಿದ್ದಿ ಹೇಳಿದೆ. ಶ್ರೀರಂಗಪಟ್ಟಣದಿಂದ ಬಂದ ಕಾಗದಗಳ ವಿಷಯ. ಕನ್ನಡದವರಿಗೆ ತಪ್ಪು ಹೇಳಿ ಕಳಿಸಲು ಮನಸ್ಸು ಒಪ್ಪಲಿಲ್ಲ.

ಎರಡನೆಯದು ಹಿಜರಿ, ಅಂದರೆ ಇಸ್ಲಾಮೀ ಪಂಚಾಂಗದ ವರ್ಷಗಳ ಲೆಕ್ಕ. ಒಂದು ಹಿಜರಿ ವರ್ಷಕ್ಕೆ ಒಂದು ಇಂಗ್ಲಿಷ್ ವರ್ಷ ಎಂದು ಹಿಡಿದರೆ ಘಟನೆಗಳು ಹಿಂದುಮುಂದಾಗುತ್ತವೆ. ಫ್ರೆಂಚ್ ದಳವನ್ನು ಬರಿಗೈ ಮಾಡಿದ 1798ರ ಅಕ್ಟೋಬರೂ ಹಿಜರಿ 1213, ಟಿಪ್ಪು ಮಡಿದ 1799ರ ಮೇ 4 ಕೂಡ ಅದೇ 1213. ತಿಂಗಳು ಸಿಗದೆ ಹೋದರೆ ನಾನು ಗೆರೆ ಎಳೆಯುತ್ತಿರಲಿಲ್ಲ, ಪೆನ್ಸಿಲಿನಲ್ಲಿ ಒಂದು ಚುಕ್ಕೆ ಮಾತ್ರ ಇಡುತ್ತಿದ್ದೆ.

ನಂಟಸ್ತಿಕೆಯ ಮಾತಿನಲ್ಲಿ ಮಾತ್ರ ನಮ್ಮ ಭಾಷೆಯೇ ನನ್ನನ್ನು ದುಡಿಸಿತು. ಇಂಗ್ಲಿಷಿನಲ್ಲಿ 'ಅಂಕಲ್' ಎಂದರೆ ಮುಗಿಯಿತು. ಕನ್ನಡದಲ್ಲಿ ಹೇಳಬೇಕಾದರೆ ಯಾರು ಹಿರಿಯ, ಯಾವ ಕಡೆಯವನು ಎಂದು ತಿಳಿಯಲೇಬೇಕು. ವಿಲಿಯಂ ಹುಟ್ಟಿದ್ದು 1754ರಲ್ಲಿ, ಅಂದರೆ ಜೇಮ್ಸ್‌ಗಿಂತ ಹತ್ತು ವರ್ಷ ದೊಡ್ಡವನು, ತಾಯಿ ಬೇರೆ. ಆದ್ದರಿಂದ ಮಕ್ಕಳಿಗೆ ದೊಡ್ಡಪ್ಪ. ಜೇಮ್ಸ್‌ಗಿಂತ ಮೊದಲು ಹೈದರಾಬಾದಿನ ರೆಸಿಡೆಂಟ್ ಆಗಿದ್ದವನೂ ಅವನೇ. ಆಮೇಲೆ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಮಿಲಿಟರಿ ಕಾರ್ಯದರ್ಶಿಯಾದ. ತಮ್ಮನ ಮದುವೆಯ ಸುದ್ದಿ ಕಲ್ಕತ್ತೆಗೆ ಮುಟ್ಟಿ ವಿಚಾರಣೆ ಎದ್ದಾಗ ಅಣ್ಣನ ಬೆಂಬಲ ಎಷ್ಟು ದೊಡ್ಡದಿತ್ತೆಂದು, 'ದೊಡ್ಡಪ್ಪ' ಎಂದು ಬರೆದುಕೊಂಡ ಮೇಲೆಯೇ ನನಗೆ ಹೊಳೆದದ್ದು.

ತಾಯಿಯ ಕಡೆ ಇನ್ನೂ ಹಿಗ್ಗಿಸಬೇಕಾಯಿತು. ಜೇಮ್ಸ್‌ನ ಹೆಂಡತಿ ಖೈರುನ್ನಿಸಾ ಹೈದರಾಬಾದಿನ ಸಯ್ಯದ್ ಮನೆತನದ ಹುಡುಗಿ. ಅವಳ ತಾಯಿ ಶರಫುನ್ನಿಸಾ, ತಾಯಿಯ ತಂದೆ ಬಾಕರ್ ಅಲಿ ಖಾನ್. 1799ರಲ್ಲಿ ನಿಜಾಮರ ಸೈನ್ಯದೊಂದಿಗೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದ ಮೀರ್ ಆಲಂ ಈ ಮನೆಯವರ ರಕ್ತಸಂಬಂಧಿ. ಜೇಮ್ಸ್ ಫಾರ್ಸಿ, ಹಿಂದುಸ್ತಾನಿ ಚೆನ್ನಾಗಿ ಬಲ್ಲವನು. ಇಸ್ಲಾಮಿನ ಪ್ರಕಾರವೇ ಮದುವೆಯಾದ. 1801ರ ಮಾರ್ಚಿನಲ್ಲಿ ಮಗ ಸಾಹಿಬ್ ಆಲಂ, 1802ರ ಏಪ್ರಿಲಿನಲ್ಲಿ ಮಗಳು ಸಾಹಿಬ್ ಬೇಗಂ. ಪರದೆಯಲ್ಲಿದ್ದ ಹೆಂಡತಿ ಹೊಸ ಮನೆಯ ಮುಂಭಾಗ ನೋಡಲಾರಳೆಂದು, ಜನಾನಾದ, ಅಂದರೆ ಹೆಂಗಸರ ಬಿಡಾರದ, ತೋಟದಲ್ಲಿ ಅದರದೇ ಪುಟ್ಟ ಮಾದರಿ ಕಟ್ಟಿಸಿದ ಎಂದು ಹೈದರಾಬಾದಿನಲ್ಲಿ ಹೇಳುತ್ತಾರೆ. ಅವಳಿದ್ದ ರಂಗಮಹಲ್ ಈಗಿಲ್ಲ. ಮಾದರಿ ಇದೆ, ಜನಾನಾದ ಬಾಗಿಲು ಇದೆ.

ಹಾಳೆಯಲ್ಲಿ 1805ರ ಒಂದು ಸೆಂಟಿಮೀಟರ್ ತುಂಬುವಾಗ ಪೆನ್ಸಿಲ್ ಕೆಳಗಿಟ್ಟೆ. ಎಲ್ಲ ಅಲ್ಲೇ ಒತ್ತಿಕೊಂಡಿತ್ತು. ಮಕ್ಕಳನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸುವ ಮೊದಲು ಮದ್ರಾಸಿನಲ್ಲಿ ಜಾರ್ಜ್ ಚಿನ್ನರಿ ಅವರ ಚಿತ್ರ ಬರೆದ. ಅಣ್ಣನಿಗೆ ಕೆಂಪು ಜರಿಯ ನಿಲುವಂಗಿ, ಟೋಪಿ, ಕೊರಳಲ್ಲಿ ಮುತ್ತಿನ ಸರ. ಒಂದು ಮೆಟ್ಟಿಲು ಮೇಲೆ ನಿಂತ ತಂಗಿ ಅವನ ಹೆಗಲ ಮೇಲೆ ಕೈಯಿಟ್ಟಿದ್ದಾಳೆ. ಅವನಿಗೆ ನಾಲ್ಕು, ಅವಳಿಗೆ ಮೂರು. ಸೆಪ್ಟೆಂಬರಿನಲ್ಲಿ ಹಡಗು ಹೊರಟಿತು. ಅಕ್ಟೋಬರ್ 15ರಂದು ಜೇಮ್ಸ್ ಕಲ್ಕತ್ತೆಯಲ್ಲಿ ತೀರಿಕೊಂಡ, 41ರ ವಯಸ್ಸು. ಖೈರುನ್ನಿಸಾಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಬೇರೆ ಬೇರೆ ಪುಸ್ತಕಗಳಲ್ಲಿ ಇವನ್ನೆಲ್ಲ ನಾನು ಓದಿದ್ದೆ, ಆದರೆ ಹಡಗು ಹೊರಟದ್ದಕ್ಕೂ ಸಾವಿಗೂ ನಡುವೆ ಕೆಲವೇ ವಾರ ಎಂದು ಲೆಕ್ಕ ಹಾಕಿರಲಿಲ್ಲ. 1806ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆ ಆಯಿತು. ಸಾಹಿಬ್ ಆಲಂ ವಿಲಿಯಂ ಜಾರ್ಜ್ ಆದ, ಸಾಹಿಬ್ ಬೇಗಂ ಕ್ಯಾಥರಿನ್ ಅರೋರಾ ಆದಳು, ಮನೆಯಲ್ಲಿ ಅವಳನ್ನು ಕರೆಯುವ ಹೆಸರು ಕಿಟ್ಟಿ. ನಾನು ಹಾಳೆಯಲ್ಲಿ ಹಳೆಯ ಹೆಸರುಗಳನ್ನು ಹೊಡೆದುಹಾಕಲಿಲ್ಲ, ಹಳೆಯದು ಹೊಸದು ಎರಡನ್ನೂ ಬರೆದೆ.

ಅವಳ ಅಣ್ಣ 1828ರಲ್ಲಿ ತೀರಿಕೊಂಡ. ಕಿಟ್ಟಿ 1829ರಲ್ಲಿ ಸೈನ್ಯದ ಅಧಿಕಾರಿ ಫಿಲಿಪ್ಸ್‌ನನ್ನು ಮದುವೆಯಾದಳು. ವರ್ಷಗಳ ನಂತರ ಇಂಗ್ಲೆಂಡಿನಲ್ಲಿದ್ದ ಹೆನ್ರಿ ರಸೆಲ್‌ನ ಸ್ವಾಲೋಫೀಲ್ಡ್ ಮನೆಗೆ ಹೋದಾಗ ಗೋಡೆಯ ಮೇಲೆ ಅದೇ ಚಿತ್ರ ಕಂಡು ಅತ್ತಳು. 1840ರ ದಶಕದಲ್ಲಿ ಅವಳಿಗೂ ಹೈದರಾಬಾದಿನಲ್ಲಿದ್ದ ಅಜ್ಜಿ ಶರಫುನ್ನಿಸಾಗೂ ಪತ್ರ ಓಡಾಡತೊಡಗಿದವು. ಮೊಮ್ಮಗಳದು ಇಂಗ್ಲಿಷ್, ಅಜ್ಜಿಯದು ಫಾರ್ಸಿ, ನಡುವೆ ಅನುವಾದಕರು. ಇಬ್ಬರೂ ಮತ್ತೆ ಮುಖ ನೋಡಲಿಲ್ಲ. ಈ ಪತ್ರಗಳಿಗಾಗಿ ಹಾಳೆಯಲ್ಲಿ ಅಜ್ಜಿಯ ಗೆರೆಯಿಂದ ಮೊಮ್ಮಗಳ ಗೆರೆಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೇನೆ. ಇಡೀ ಪಟದಲ್ಲಿ ಕೆಂಪು ಇರುವುದು ಅಲ್ಲಿ ಮಾತ್ರ.

ಈಗ ಯಾರನ್ನಾದರೂ ಕರೆದೊಯ್ದರೆ ಸಿಂಹಗಳ ಮೆಟ್ಟಿಲಿನಿಂದ ಶುರು ಮಾಡುವುದಿಲ್ಲ. ಹಿಂದಿನ ಜನಾನಾ ಬಾಗಿಲ ಬಳಿ ನಿಲ್ಲಿಸಿ, ಮಡಿಸಿದ ಹಾಳೆ ಬಿಚ್ಚಿ, ಎರಡು ತುದಿ ಇಬ್ಬರ ಕೈಗೆ ಕೊಡುತ್ತೇನೆ. ಒಂದೂಕಾಲು ಮೀಟರ್ ಉದ್ದ. ಸೋದರತ್ತೆ ಎರಡನೇ ಸಲ ಬಂದಾಗ ಒಂದು ತುದಿ ಅವರೇ ಹಿಡಿದಿದ್ದರು. ಕಿಟ್ಟಿಯ ಗೆರೆ 1889ರವರೆಗೆ, 87 ಸೆಂಟಿಮೀಟರ್. ತಾಯಿಯ ಗೆರೆ 1813ಕ್ಕೆ ನಿಲ್ಲುತ್ತದೆ. ಅವರಿಬ್ಬರೂ ಒಂದೇ ಊರಲ್ಲಿದ್ದ ಭಾಗವನ್ನು ಅತ್ತೆ ಬೆರಳಿಟ್ಟು ಅಳೆದರು. ಮೂರು ಸೆಂಟಿಮೀಟರ್, ಮೇಲೊಂದಿಷ್ಟು.