ನೀರಿಗಿಳಿದು ಮೀನು ಹಿಡಿಯುವುದು ಹೇಗೆ: ಕಡಲಹಕ್ಕಿಗಳ ಬೇಟೆ, ಹಂತ ಹಂತವಾಗಿ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಎಡಿನ್‌ಬರಾ ನಗರದ ಉತ್ತರಕ್ಕೆ ಫರ್ತ್ ಆಫ್ ಫೋರ್ತ್ ಎಂಬ ಅಗಲವಾದ ಅಳಿವೆ ಹಾದು ಹೋಗಿ ಉತ್ತರ ಸಮುದ್ರವನ್ನು ಸೇರುತ್ತದೆ. ಆ ಅಳಿವೆಯ ಬಾಯಲ್ಲಿರುವ ಬ್ಯಾಸ್ ರಾಕ್ ಎಂಬ ನೂರು ಮೀಟರಿಗೂ ಮಿಕ್ಕಿ ಎತ್ತರದ ಒಂಟಿ ಬಂಡೆ ಬೇಸಿಗೆಯ ತಿಂಗಳುಗಳಲ್ಲಿ ದೂರಕ್ಕೆ ಬೆಳ್ಳಗೆ ಕಾಣುತ್ತದೆ. ಆ ಬಿಳುಪಿನಲ್ಲಿ ಹಿಕ್ಕೆಯದು ಒಂದು ಪಾಲಾದರೆ, ಗೂಡಿನಲ್ಲಿ ಕುಳಿತ ಗ್ಯಾನೆಟ್ ಹಕ್ಕಿಗಳದು ಇನ್ನೊಂದು ಪಾಲು. 2014ರ ಗಣತಿಯಲ್ಲಿ ಅಲ್ಲಿ ಸುಮಾರು 75,000 ಗೂಡುಗಳಿದ್ದವು. ಹಕ್ಕಿಜ್ವರ ಬಡಿದ ಮರುವರ್ಷ, ಅಂದರೆ 2023ರಲ್ಲಿ, ಆ ಸಂಖ್ಯೆ 52,000ದ ಆಸುಪಾಸಿಗೆ ಇಳಿದಿತ್ತು. ಅದೇ ಅಳಿವೆಯ ಐಲ್ ಆಫ್ ಮೇ ದ್ವೀಪದಲ್ಲಿ ಪಫಿನ್, ಗಿಲಿಮಾಟ್ ಮತ್ತು ನಮ್ಮ ನೀರುಕಾಗೆಯ ಬಳಗಕ್ಕೆ ಸೇರಿದ ಶಾಗ್ ಹಕ್ಕಿಗಳು ಮರಿ ಮಾಡುತ್ತವೆ. ಇವೆಲ್ಲವೂ ಹೊಟ್ಟೆಪಾಡಿಗೆ ನೆಚ್ಚಿಕೊಂಡಿರುವುದು ಒಂದೇ ಕಡಲನ್ನು. ಆದರೆ ನೀರಿಗಿಳಿದು ಮೀನು ಹಿಡಿಯುವ ಕ್ರಮ ಒಂದೊಂದರದೂ ಬೇರೆ.

ಮುಳುಗುವ ಹಕ್ಕಿಯ ಮೊದಲ ಎದುರಾಳಿ ಮೀನಲ್ಲ, ತನ್ನ ಮೈಯಲ್ಲೇ ತುಂಬಿಕೊಂಡಿರುವ ಗಾಳಿ. ಶ್ವಾಸಕೋಶಕ್ಕೆ ಕೂಡಿಕೊಂಡ ಗಾಳಿಚೀಲಗಳು, ಟೊಳ್ಳಾದ ಮೂಳೆಗಳು, ಗರಿಗಳ ಸಂದಿಯಲ್ಲಿ ನಿಂತ ಬೆಚ್ಚನೆಯ ಗಾಳಿ, ಇವೆಲ್ಲ ಹಾರುವಾಗ ಉಪಕಾರಿಯಾದರೂ ನೀರಿಗಿಳಿದ ಕೂಡಲೇ ಹಕ್ಕಿಯನ್ನು ಮೇಲಕ್ಕೆ ಎತ್ತಿ ಹಾಕಲು ನೋಡುತ್ತವೆ. ಬಾವಿಗೆ ಇಳಿಬಿಟ್ಟ ಖಾಲಿ ಬಿಂದಿಗೆ ವಾಲಿ ಒಳಗೆ ನೀರು ತುಂಬಿಕೊಳ್ಳುವ ತನಕ ಮುಳುಗಲೊಲ್ಲದು. ಹಕ್ಕಿಯ ಪಾಡೂ ಅದೇ. ಈ ಗಾಳಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಒಂದೊಂದು ಜಾತಿಯೂ ಕಂಡುಕೊಂಡಿರುವ ಉತ್ತರವೇ ಅದರ ಬೇಟೆಯ ಕ್ರಮವನ್ನು ನಿರ್ಧರಿಸಿದೆ.

ಮೊದಲು ಹುಡುಕಾಟ

ಗ್ಯಾನೆಟ್ ಸುಮಾರು ಮೂರು ಕಿಲೋ ತೂಗುವ, ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 1.8 ಮೀಟರಿನಷ್ಟು ಅಗಲವಾಗುವ ದೊಡ್ಡ ಹಕ್ಕಿ. ಮರಿಗೆ ಆಹಾರ ತರಲು ಅದು ನೂರಾರು ಕಿಲೋಮೀಟರ್ ದೂರ ಹೋಗಿ ಬರುವುದೂ ಉಂಟು. ಅಷ್ಟು ವಿಸ್ತಾರವಾದ ಕಡಲಿನಲ್ಲಿ ಮೀನಿನ ಹಿಂಡು ಎಲ್ಲಿದೆ ಎಂದು ತಿಳಿಯಲು ಅದು ತನ್ನ ಕಣ್ಣನ್ನು ಎಷ್ಟು ನಂಬುತ್ತದೆಯೋ ಇತರರ ನಡೆಯನ್ನೂ ಅಷ್ಟೇ ನಂಬುತ್ತದೆ. ಡಾಲ್ಫಿನ್‌ಗಳು ಕೆಳಗಿನಿಂದ ಬಂಗುಡೆ ಅಥವಾ ಹೆರಿಂಗ್ ಮೀನಿನ ಹಿಂಡನ್ನು ಮೇಲಕ್ಕೆ ಅಟ್ಟುವ ಜಾಗ, ಬಲೆ ಎಳೆಯುತ್ತಿರುವ ದೋಣಿ, ಆಗಲೇ ನೀರಿಗೆ ಎರಗುತ್ತಿರುವ ಇನ್ನೊಂದು ಗ್ಯಾನೆಟ್, ಇವು ಕಂಡರೆ ದೂರದ ಹಕ್ಕಿಗಳೂ ಅತ್ತ ತಿರುಗುತ್ತವೆ. ಸ್ವಲ್ಪ ಹೊತ್ತಿನಲ್ಲೇ ನೂರಾರು ಹಕ್ಕಿಗಳು ಒಂದೇ ಕಡೆ ಸೇರಿಬಿಡುತ್ತವೆ.

ಎರಗುವುದು

ಮೀನು ಕಂಡ ಗ್ಯಾನೆಟ್ ಗಾಳಿಯಲ್ಲೇ ಒಂದು ಗಳಿಗೆ ತಡೆದು, ತಲೆ ಕೆಳಗು ಮಾಡಿ, ರೆಕ್ಕೆಗಳನ್ನು ಅರ್ಧ ಮಡಚಿ ಬೀಳತೊಡಗುತ್ತದೆ. 30 ಮೀಟರ್ ಎತ್ತರದಿಂದಲೂ ಎರಗುವುದುಂಟು. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಅಷ್ಟು ಎತ್ತರದಿಂದ ಬಿದ್ದ ಯಾವುದೇ ವಸ್ತು ಸುಮಾರು ಎರಡೂವರೆ ಸೆಕೆಂಡಿನಲ್ಲಿ ನೀರು ಮುಟ್ಟುತ್ತದೆ, ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 24 ಮೀಟರ್, ಅಂದರೆ ಗಂಟೆಗೆ 87 ಕಿಲೋಮೀಟರಿನಷ್ಟಿರುತ್ತದೆ. ಹತ್ತು ಮೀಟರಿನಿಂದ ಬಿದ್ದರೂ ವೇಗ 50 ಕಿಲೋಮೀಟರ್ ದಾಟುತ್ತದೆ. ಗಾಳಿಯ ಸಮಸ್ಯೆಗೆ ಗ್ಯಾನೆಟ್ ಕಂಡುಕೊಂಡ ಉತ್ತರ ಇದೇ: ನೀರು ಎಷ್ಟೇ ಮೇಲಕ್ಕೆ ತಳ್ಳಲಿ, ಗಳಿಸಿದ ವೇಗದ ಬಲದಿಂದಲೇ ಅದನ್ನು ಸೀಳಿ ಒಳಗೆ ಹೋಗುವುದು.

ಇದರಲ್ಲಿ ಎರಡು ನಾಜೂಕಿನ ಕೆಲಸಗಳಿವೆ. ಒಂದು, ಗುರಿ. ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ಓರೆಯಾಗಿ ನೋಡಿದರೆ ಮೀನು ತಾನಿರುವ ಜಾಗ ಬಿಟ್ಟು ಬೇರೆಲ್ಲೋ ಇರುವಂತೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದರೆ ಆಳದ ಅಂದಾಜು ತಪ್ಪಬಹುದೇ ಹೊರತು ದಿಕ್ಕು ತಪ್ಪುವುದಿಲ್ಲ. ಹಕ್ಕಿಗೆ ಈ ಶಾಸ್ತ್ರ ಗೊತ್ತಿರಬೇಕಾಗಿಲ್ಲ, ಆದರೆ ಕಡಿದಾಗಿ ಬೀಳುವುದರಿಂದ ಈ ಲಾಭ ತಾನಾಗಿಯೇ ಸಿಗುತ್ತದೆ. ಇನ್ನೊಂದು, ರೆಕ್ಕೆ ಮುಚ್ಚುವ ಹೊತ್ತು. ಬೀಳುವಾಗ ದಾರಿ ತಿದ್ದಿಕೊಳ್ಳಲು ರೆಕ್ಕೆ ಬೇಕು, ನೀರು ಮುಟ್ಟುವಾಗ ಅದೇ ರೆಕ್ಕೆ ಬಿಚ್ಚಿಕೊಂಡಿದ್ದರೆ ಮುರಿಯುತ್ತದೆ. ಆದ್ದರಿಂದ ಕೊನೆಯ ಗಳಿಗೆಯವರೆಗೂ ಬಿಚ್ಚಿಟ್ಟುಕೊಂಡು ಆಮೇಲೆ ಪೂರ್ತಿ ಹಿಂದಕ್ಕೆ ಚಾಚಿಬಿಡಬೇಕು. ಡೇವಿಡ್ ಲೀ ಮತ್ತು ಪಾಲ್ ರೆಡ್ಡಿಶ್ 1981ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ವಿವರಣೆಯಿದೆ. ಎತ್ತರ ಇಷ್ಟು, ವೇಗ ಇಷ್ಟು ಎಂದು ಹಕ್ಕಿ ಬೇರೆ ಬೇರೆಯಾಗಿ ಅಳೆಯುವುದಿಲ್ಲ; ಕಡಲಿನ ಮೇಲ್ಮೈಯ ನೋಟ ಕಣ್ಣಿನಲ್ಲಿ ಎಷ್ಟು ಬೇಗ ಹಿಗ್ಗುತ್ತಿದೆ ಎಂಬುದರಿಂದಲೇ ಮುಟ್ಟಲು ಉಳಿದಿರುವ ಹೊತ್ತನ್ನು ಅಂದಾಜು ಮಾಡುತ್ತದೆ ಎನ್ನುವುದು ಅವರ ವಾದ.

ನೀರು ಹೊಗುವ ಕ್ಷಣ

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮನುಷ್ಯನೊಬ್ಬ ಆ ವೇಗದಲ್ಲಿ ತಲೆ ಕೆಳಗಾಗಿ ಬಿದ್ದರೆ ಕತ್ತು ಉಳಿಯುವ ಭರವಸೆಯಿಲ್ಲ. ಗ್ಯಾನೆಟ್ ದಿನಕ್ಕೆ ಹಲವು ಬಾರಿ ಹೀಗೆ ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಮೊದಲು ನೀರು ಮುಟ್ಟುವುದು ಕೊಕ್ಕಿನ ಸಣ್ಣ ತುದಿ. ಅಲ್ಲಿಂದ ಹಣೆಯವರೆಗೆ ಅಗಲ ನಿಧಾನವಾಗಿ ಹೆಚ್ಚುತ್ತ ಹೋಗುವುದರಿಂದ ಪೆಟ್ಟು ಒಮ್ಮೆಗೇ ಬೀಳದೆ ಹಂಚಿಹೋಗುತ್ತದೆ. ತಲೆ ಒಳಗೆ ಹೋಗಿ ಮೈ ಇನ್ನೂ ಹೊರಗಿರುವ ಆ ಅರೆಕ್ಷಣವೇ ಎಲ್ಲಕ್ಕಿಂತ ಅಪಾಯದ್ದು. ಆಗ ತಲೆಯನ್ನು ನೀರು ತಡೆಯುತ್ತಿರುತ್ತದೆ, ಹಿಂದಿನಿಂದ ಮೈಯ ಭಾರ ತಳ್ಳುತ್ತಿರುತ್ತದೆ, ನಡುವೆ ಸಿಕ್ಕ ಉದ್ದನೆಯ ಕತ್ತು ಬಾಗಿ ಮುರಿಯಬೇಕು. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಗ್ಯಾನೆಟ್ ತಲೆಬುರುಡೆಯ ಮಾದರಿಯನ್ನು 3ಡಿ ಮುದ್ರಣದಿಂದ ತಯಾರಿಸಿ ನೀರಿಗೆ ಬೀಳಿಸಿ ನೋಡಿ, 2016ರಲ್ಲಿ ತಿಳಿಸಿದ ಪ್ರಕಾರ, ಕತ್ತಿನ ಸ್ನಾಯುಗಳನ್ನು ಬಿಗಿ ಹಿಡಿದು ನೆಟ್ಟಗೆ ನಿಲ್ಲಿಸಿಕೊಳ್ಳುವುದರಿಂದಲೇ ಹಕ್ಕಿ ಇದನ್ನು ತಡೆದುಕೊಳ್ಳುತ್ತದೆ.

ಇನ್ನುಳಿದ ಸಿದ್ಧತೆಗಳೂ ಇವೆ. ಗ್ಯಾನೆಟ್‌ಗೆ ಹೊರಮೂಗಿನ ಹೊಳ್ಳೆಗಳಿಲ್ಲ, ನೀರು ರಭಸದಿಂದ ನುಗ್ಗಲು ಅಲ್ಲಿ ದಾರಿಯೇ ಇಲ್ಲ. ಅದು ಬಾಯಿಯ ಅಂಚಿನಿಂದ ಉಸಿರಾಡುತ್ತದೆ. ಮುಖ ಮತ್ತು ಎದೆಯ ಚರ್ಮದ ಕೆಳಗೆ ಗಾಳಿಚೀಲಗಳಿದ್ದು ಪೆಟ್ಟನ್ನು ತಗ್ಗಿಸುತ್ತವೆ. ಮೇಲಕ್ಕೆ ತಳ್ಳುತ್ತ ತೊಂದರೆ ಕೊಡುವ ಅದೇ ಗಾಳಿ ಇಲ್ಲಿ ಕಾಪಾಡುವ ಕೆಲಸಕ್ಕೂ ಒದಗಿದೆ.

ನೀರೊಳಗಿನ ನೋಟ

ಪತ್ರಿಕೆಗಳು, ಟಿವಿ ಕಾರ್ಯಕ್ರಮಗಳು ಗ್ಯಾನೆಟ್ ಬೀಳುವ ವೇಗವನ್ನೇ ಮತ್ತೆ ಮತ್ತೆ ಹೊಗಳುತ್ತವೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಹಸ ಕಣ್ಣಿನದು. ಗಾಳಿಯಲ್ಲಿ ನೋಡುವಾಗ ಬೆಳಕನ್ನು ಒಟ್ಟುಗೂಡಿಸುವ ಕೆಲಸದ ಹೆಚ್ಚಿನ ಪಾಲನ್ನು ಕಣ್ಣಿನ ಮುಂಭಾಗದ ಬಾಗಿದ ಪಾರದರ್ಶಕ ಪೊರೆ ಮಾಡುತ್ತದೆ. ನೀರಿನಲ್ಲಿ ಆ ಪೊರೆಗೆ ಬಲವಿಲ್ಲ, ಏಕೆಂದರೆ ಅದರ ಹೊರಗೂ ಒಳಗೂ ಇರುವುದು ಹೆಚ್ಚುಕಡಿಮೆ ಒಂದೇ ಗುಣದ ದ್ರವ. ಕೆರೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ನಮಗೆ ಎಲ್ಲವೂ ಮಸುಕಾಗಿ ಕಾಣಲು ಕಾರಣ ಇದೇ. ಮುಳುಗುವ ಹಕ್ಕಿಗಳು ಕಳೆದುಕೊಂಡ ಬಲವನ್ನು ಒಳಗಿನ ಮಸೂರದಿಂದ ತುಂಬಿಕೊಳ್ಳುತ್ತವೆ: ನೀರುಕಾಗೆಯ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಬಲವಾದ ಸ್ನಾಯುಗಳು ಮೆತ್ತನೆಯ ಮಸೂರವನ್ನು ಹಿಸುಕಿ ಅದರ ಮುಂಭಾಗ ಉಬ್ಬುವಂತೆ ಮಾಡುತ್ತವೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕಡಲುಗಳ ಗ್ಯಾನೆಟ್ ಜಾತಿಯನ್ನು ಪರೀಕ್ಷಿಸಿದಾಗ, ನೀರಿಗೆ ಬಿದ್ದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಈ ಮಾರ್ಪಾಡು ಮುಗಿಯುತ್ತದೆ ಎಂದು ಕಂಡುಬಂದಿದೆ. ಅಂದರೆ ಹಕ್ಕಿ ಮೇಲಿನಿಂದ ಕಂಡ ಜಾಗಕ್ಕೆ ಕುರುಡಾಗಿ ಬೀಳುವುದಿಲ್ಲ, ನೀರೊಳಗೆ ಹೊಸದಾಗಿ ನೋಡಿ ಬೇಟೆಯನ್ನು ಮುಂದುವರಿಸುತ್ತದೆ.

ಬೆನ್ನಟ್ಟುವುದು

ಬಿದ್ದ ರಭಸಕ್ಕೆ ಗ್ಯಾನೆಟ್ ಕೆಲವು ಮೀಟರಿನಿಂದ ಹತ್ತು ಮೀಟರಿನವರೆಗೆ ಹೋಗಬಲ್ಲದು. ಅಲ್ಲಿ ಮೀನು ಸಿಕ್ಕರೆ ಸರಿ, ಇಲ್ಲದಿದ್ದರೆ ರೆಕ್ಕೆ ಬಡಿಯುತ್ತ ಇನ್ನೂ ಕೆಳಗೆ, ಇಪ್ಪತ್ತು ಮೀಟರಿನ ತನಕವೂ ಇಳಿಯುತ್ತದೆ. ಅದಕ್ಕಿಂತ ಆಳ ಅದರ ಪಾಲಿಗಲ್ಲ. ಇಲ್ಲಿಂದ ಮುಂದೆ ಕಣ ಗಿಲಿಮಾಟ್‌ನದು.

ಗಿಲಿಮಾಟ್ ಒಂದು ಕಿಲೋ ತೂಗುವ, ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ ಹಕ್ಕಿ. ಅದು ಎತ್ತರದಿಂದ ಬೀಳುವುದಿಲ್ಲ. ಅಲೆಗಳ ಮೇಲೆ ಕುಳಿತಲ್ಲಿಂದಲೇ ಮುಳುಗಿ, ರೆಕ್ಕೆಗಳನ್ನು ಅರ್ಧ ಬಿಚ್ಚಿ ನೀರಿನಲ್ಲಿ ಹಾರುತ್ತದೆ. ಕಾಲುಗಳು ಹಿಂದೆ ಚುಕ್ಕಾಣಿಯ ಕೆಲಸ ಮಾಡುತ್ತವೆ. ಮೊದಲ ಕೆಲವು ಮೀಟರ್ ಅದಕ್ಕೆ ಬಹಳ ಕಷ್ಟದ್ದು, ಗರಿಗಳ ನಡುವಿನ ಗಾಳಿ ಪೂರ್ತಿ ಬಲದಿಂದ ಮೇಲಕ್ಕೆ ಎಳೆಯುತ್ತಿರುತ್ತದೆ. ಆದರೆ ಹತ್ತು ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗಿ ಆ ಗಾಳಿಯ ಗಾತ್ರ ಅರ್ಧಕ್ಕೆ ಇಳಿಯುತ್ತದೆ, ತೊಂಬತ್ತು ಮೀಟರಿನಲ್ಲಿ ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಹೀಗೆ ಕೆಳಗೆ ಹೋದಷ್ಟೂ ಶ್ರಮ ಹಗುರಾಗುತ್ತದೆ. ಮರಳುವ ದಾರಿಯಲ್ಲಿ ಲೆಕ್ಕ ತಿರುವುಮುರುವು: ಮೇಲೇರಿದಂತೆ ಗಾಳಿ ಹಿಗ್ಗಿ ಹಕ್ಕಿಯನ್ನು ತಾನೇ ಎತ್ತುವುದರಿಂದ ಕೊನೆಯ ಭಾಗದಲ್ಲಿ ಅದು ರೆಕ್ಕೆ ಬಡಿಯುವುದನ್ನೇ ನಿಲ್ಲಿಸುತ್ತದೆ. ಗಿಲಿಮಾಟ್ ನೂರೈವತ್ತು ಮೀಟರಿಗೂ ಕೆಳಗೆ ಮುಳುಗಿರುವುದು ದಾಖಲಾಗಿದೆ. ಆರ್ಕ್‌ಟಿಕ್ ಪ್ರದೇಶದ ಅದರ ಸೋದರ ಜಾತಿ 210 ಮೀಟರ್ ಮುಟ್ಟಿದೆ. ಸ್ನಾಯುಗಳಲ್ಲಿ ಆಮ್ಲಜನಕವನ್ನು ಕೂಡಿಟ್ಟುಕೊಳ್ಳುವ ಕೆಂಪು ಪ್ರೋಟೀನ್ ಹೇರಳವಾಗಿರುವುದು ಇದಕ್ಕೆ ಒಂದು ಕಾರಣ.

ಇದರ ಬೆಲೆಯನ್ನು ಹಕ್ಕಿ ಆಕಾಶದಲ್ಲಿ ತೆರುತ್ತದೆ. ನೀರಿಗೆ ಒಪ್ಪುವ ರೆಕ್ಕೆ ಚಿಕ್ಕದಾಗಿರಬೇಕು, ಗಾಳಿಗೆ ಒಪ್ಪುವುದು ದೊಡ್ಡದಾಗಿರಬೇಕು. ಆ ಆರ್ಕ್‌ಟಿಕ್ ಜಾತಿಯ ಮೇಲೆ ಕೆನಡಾದಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಾರುವಾಗ ಅದು ಸುಮ್ಮನೆ ಕುಳಿತಿರುವಾಗಿನ 31 ಪಟ್ಟು ಶಕ್ತಿ ವ್ಯಯಿಸುತ್ತದೆ. ರೆಕ್ಕೆ ಇನ್ನೂ ಸ್ವಲ್ಪ ಚಿಕ್ಕದಾದರೆ ಹಾರಾಟವೇ ಕೈಬಿಡಬೇಕಾದೀತು. ದಕ್ಷಿಣದಲ್ಲಿ ಪೆಂಗ್ವಿನ್‌ಗಳು ಹಾಗೆಯೇ ಮಾಡಿದವು. ಗಟ್ಟಿ ಮೂಳೆಯ ಎಂಪರರ್ ಪೆಂಗ್ವಿನ್ 500 ಮೀಟರಿಗೂ ಕೆಳಗೆ ಇಳಿಯಬಲ್ಲದು. ಉತ್ತರ ಅಟ್ಲಾಂಟಿಕ್‌ನಲ್ಲಿ ಗಿಲಿಮಾಟ್‌ನ ಬಂಧುವಾದ ಗ್ರೇಟ್ ಆಕ್ ಕೂಡ ಹಾರುವುದನ್ನು ಬಿಟ್ಟಿತ್ತು. ಓಡಿಹೋಗಲಾಗದ ಆ ಹಕ್ಕಿಯ ಕೊನೆಯ ಜೋಡಿ 1844ರಲ್ಲಿ ಐಸ್‌ಲೆಂಡಿನ ಎಲ್ಡೆ ದ್ವೀಪದಲ್ಲಿ ಬೇಟೆಗಾರರ ಕೈಗೆ ಸಿಕ್ಕಿ ಸತ್ತಿತು.

ನೀರುಕಾಗೆಯ ಬಳಗದ ಉಪಾಯ ಇವೆರಡಕ್ಕಿಂತ ಬೇರೆ. ದೊಡ್ಡ ನೀರುಕಾಗೆಯ ಪ್ರತಿಯೊಂದು ಗರಿಯ ಹೊರ ಅಂಚು ನೀರು ಹಿಡಿಯುತ್ತದೆ, ನಡುಭಾಗ ಹಿಡಿಯುವುದಿಲ್ಲ. ಹೀಗಾಗಿ ಹೊರಪದರದ ಗಾಳಿ ಹೊರಟುಹೋಗಿ ಮೈ ಸುಲಭವಾಗಿ ಮುಳುಗುತ್ತದೆ, ಚರ್ಮಕ್ಕೆ ತಾಗಿದ ತೆಳು ಗಾಳಿಪದರ ಉಳಿದು ಚಳಿ ತಡೆಯುತ್ತದೆ. ಈಜಲು ರೆಕ್ಕೆ ಬಳಸದೆ, ನಾಲ್ಕು ಬೆರಳುಗಳನ್ನೂ ಕೂಡಿಸುವ ಜಾಲಪಾದಗಳನ್ನು ಒಟ್ಟಿಗೆ ಒದೆಯುತ್ತದೆ. ಐಲ್ ಆಫ್ ಮೇ ದ್ವೀಪದ ಶಾಗ್‌ಗಳ ಬೆನ್ನಿಗೆ ಪುಟ್ಟ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರಗಳಲ್ಲಿ ಅವು ಕಡಲ ತಳಕ್ಕೇ ಇಳಿದು, ಮರಳಿರುವಲ್ಲಿ ಕೊಕ್ಕು ತೂರಿಸಿ ಹುದುಗಿಕೊಂಡ ಸ್ಯಾಂಡ್‌ಈಲ್ ಎಂಬ ಸಪೂರ ಮೀನನ್ನು ಕೆದಕುವುದೂ, ಬಂಡೆಯಿರುವಲ್ಲಿ ಸಂದಿಗೊಂದಿ ಹುಡುಕುವುದೂ ಕಂಡುಬಂದಿದೆ. ಪಫಿನ್ ಮತ್ತು ಗಿಲಿಮಾಟ್‌ಗಳಿಗೂ ಬೇಕಾದ ಈ ಸ್ಯಾಂಡ್‌ಈಲ್ ಹಿಡಿಯುವುದನ್ನು ಸ್ಕಾಟ್ಲೆಂಡ್ ತನ್ನ ಕಡಲಿನಲ್ಲಿ 2024ರಲ್ಲಿ ನಿಷೇಧಿಸಿತು.

ಹಿಡಿದದ್ದನ್ನು ಉಳಿಸಿಕೊಳ್ಳುವುದು

ಹಿಡಿದ ಮೀನನ್ನು ಯಾವ ಹಕ್ಕಿಯಾದರೂ ತಲೆ ಮುಂದಾಗಿಯೇ ನುಂಗುವುದು ರೂಢಿ, ಹಿಂದಕ್ಕೆ ಬಾಗಿದ ಈಜುರೆಕ್ಕೆ ಮತ್ತು ಮುಳ್ಳುಗಳು ಆಗ ಗಂಟಲಿಗೆ ಚುಚ್ಚುವುದಿಲ್ಲ. ಗ್ಯಾನೆಟ್ ಸಾಮಾನ್ಯವಾಗಿ ನೀರೊಳಗೇ ನುಂಗಿ ಬರಿಗೊಕ್ಕಿನಲ್ಲಿ ಮೇಲೇಳುತ್ತದೆ. ಮೇಲೆ ಕಸಿಯಲು ಕಾದಿರುವ ಹಕ್ಕಿಗಳಿರುವಾಗ ಇದು ಜಾಣತನ. ಮರಿಗೆ ಒಯ್ಯುವಾಗ ಗಿಲಿಮಾಟ್ ಒಂದೇ ಮೀನನ್ನು ತಲೆ ಒಳಗೆ, ಬಾಲ ಹೊರಗೆ ಇರುವಂತೆ ಉದ್ದಕ್ಕೆ ಕಚ್ಚಿಕೊಂಡು ಹೋಗುತ್ತದೆ. ಪಫಿನ್ ಹತ್ತರ ಆಸುಪಾಸು ಮೀನುಗಳನ್ನು ಅಡ್ಡಡ್ಡಲಾಗಿ ಜೋಡಿಸಿ ತರುತ್ತದೆ. ಅದರ ನಾಲಿಗೆ ಮತ್ತು ಅಂಗುಳಿನಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿದ್ದು, ಹಿಡಿದವನ್ನು ನಾಲಿಗೆಯಿಂದ ಅಂಗುಳಿಗೆ ಒತ್ತಿ ಹಿಡಿದೇ ಕೊಕ್ಕು ತೆರೆದು ಇನ್ನೊಂದನ್ನು ಕಚ್ಚುತ್ತದೆ.

ನಮ್ಮಲ್ಲಿ ನೋಡುವುದಾದರೆ

ಕರ್ನಾಟಕದ ಕರಾವಳಿಯಲ್ಲಿ ಕಡಲಿಗೆ ಎರಗುವ ರೀವ ಹಕ್ಕಿಗಳು ಮೇಲ್ಪದರದ ಮೀನನ್ನಷ್ಟೇ ಎತ್ತಿಕೊಂಡು ಹೋಗುತ್ತವೆ, ಆಳಕ್ಕೆ ಇಳಿಯುವುದಿಲ್ಲ. ಮುಳುಗಿ ಬೆನ್ನಟ್ಟುವ ಬೇಟೆಯನ್ನು ನೋಡಲು ಒಳನಾಡಿನ ನೀರೇ ಮೇಲು. ಸ್ಕಾಟ್ಲೆಂಡಿನ ಕರಾವಳಿಯಲ್ಲಿರುವ ದೊಡ್ಡ ನೀರುಕಾಗೆಯೇ ಕಬಿನಿ ಹಿನ್ನೀರಿನಲ್ಲೂ ಇದೆ. ಅಲ್ಲಿ ಒಣಮರದ ಮೇಲೆ ರೆಕ್ಕೆ ಹರಡಿ ಕುಳಿತ ಹಕ್ಕಿ ಒದ್ದೆಯಾದ ಗರಿಗಳನ್ನು ಒಣಗಿಸಿಕೊಳ್ಳುತ್ತಿರುತ್ತದೆ. ರಂಗನತಿಟ್ಟಿನಲ್ಲಿ ಅಥವಾ ಊರ ಕೆರೆಯಲ್ಲಿ ನೀರುಕಾಗೆ ಮತ್ತು ಹಾವಕ್ಕಿ ಎರಡೂ ಸಿಕ್ಕರೆ ಹೋಲಿಸಿ ನೋಡಿ. ನೀರುಕಾಗೆ ಮುಳುಗುವ ಮುನ್ನ ಸಣ್ಣದಾಗಿ ನೆಗೆದು ತಲೆ ಮುಂದು ಮಾಡಿ ಒಳಹೋಗುತ್ತದೆ, ಹಾವಕ್ಕಿ ಕುಳಿತಲ್ಲೇ ಸದ್ದಿಲ್ಲದೆ ಇಳಿದುಬಿಡುತ್ತದೆ. ಮುಳುಗಿದ ಜಾಗವನ್ನೇ ದಿಟ್ಟಿಸಬೇಡಿ, ಹಕ್ಕಿ ಏಳುವುದು ಬಹುತೇಕ ಬೇರೆಡೆಯಲ್ಲಿ. ನೀರುಕಾಗೆ ಕೊಕ್ಕಿನ ತುದಿಯ ಕೊಕ್ಕೆಯಲ್ಲಿ ಮೀನನ್ನು ಅಡ್ಡ ಕಚ್ಚಿ ಮೇಲೆ ಬಂದು ತಲೆಯ ಕಡೆಗೆ ತಿರುಗಿಸಿಕೊಳ್ಳುತ್ತದೆ. ಹಾವಕ್ಕಿಯ ಕೊಕ್ಕಿಗೆ ಕೊಕ್ಕೆಯಿಲ್ಲ. ಅದು ಮೀನಿನ ಪಕ್ಕೆಗೆ ತಿವಿದು ಹಿಡಿಯುವುದರಿಂದ, ಮೇಲೆ ಬಂದ ಮೇಲೆ ತಲೆ ಕೊಡವಿ ಅದನ್ನು ಬಿಡಿಸಿ, ಗಾಳಿಗೆ ಚಿಮ್ಮಿಸಿ, ತಲೆ ಮುಂದಾಗಿ ಬೀಳುವಂತೆ ಬಾಯಿಗೆ ಹಿಡಿಯಬೇಕು. ಸಿಕ್ಕ ಮೀನು ಕೈತಪ್ಪುವುದು ಹೆಚ್ಚಾಗಿ ಈ ಹಂತದಲ್ಲೇ.