ಕಂತಿನ ದಿನದ ಬಿಪಿ: ಗುಳಿಗೆ ಸೇರಿಸುವ ಮೊದಲು ನಾವು ಮಾಡಿದ್ದು

ಗುಳಿಗೆ ಕೊಟ್ಟಿದ್ದೇವೆ, ಉಪ್ಪು ಕಡಿಮೆ ಮಾಡಿ ಅಂದಿದ್ದೇವೆ, ಆದರೂ 160/100 ಇಳಿಯುವುದಿಲ್ಲ. ಆರೋಗ್ಯ ಉಪಕೇಂದ್ರದಲ್ಲಿ ಕೂತವರಿಗೆಲ್ಲ ಗೊತ್ತಿರುವ ಗೋಳು ಇದು. ಬಿಪಿಯ ಗುಳಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ ಜೊತೆ ಎರಡನೆಯದಾಗಿ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಸೇರಿಸುವ ಮೊದಲು ರೋಗಿಯ ವಾರ ಹೇಗೆ ಕಳೆಯುತ್ತದೆ, ಸಾಲದ ಕಂತು ಯಾವತ್ತು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳೋಣ ಅಂದಾಗ ಯಾರೂ ಒಪ್ಪಲಿಲ್ಲ. ಬಿಪಿಗೂ ಸಾಲಕ್ಕೂ ಏನು ಸಂಬಂಧ ಅಂದರು. ಈಗ ಅದೇ ಚೀಟಿಯನ್ನು ಪಕ್ಕದ ಉಪಕೇಂದ್ರದವರು ಕೇಳಿ ಒಯ್ಯುತ್ತಾರೆ.

ಮೊದಲು ಸೋತದ್ದನ್ನು ಹೇಳಬೇಕು. ‘ಟೆನ್ಷನ್ ಮಾಡ್ಕೋಬೇಡಿ’ ಅನ್ನುವ ಸಲಹೆಯಿಂದ ಒಂದು ಪಾಯಿಂಟೂ ಇಳಿಯಲಿಲ್ಲ. ಸಂಜೆ ಆರಕ್ಕೆ ಉಸಿರಾಟದ ಅಭ್ಯಾಸ ಇಟ್ಟೆವು, ಜಮಖಾನೆಗೆ ಸಾವಿರದ ಮೇಲೆ ಹೋಯಿತು. ಆ ಹೊತ್ತಿಗೆ ಹೆಂಗಸರೆಲ್ಲ ಹಾಲು ಕರೆದು ಡೇರಿಗೆ ಹಾಕುವ ಗಡಿಬಿಡಿಯಲ್ಲಿರುತ್ತಾರೆ, ಬಂದವರು ನಾಲ್ಕು ಜನ. ದೊಡ್ಡ ಸೋಲು ಮೂರನೆಯದು. ಸಾಲದ ಪ್ರಶ್ನೆಯನ್ನು ಬಿಪಿ ಕ್ಯೂನಲ್ಲೇ ಕೇಳಿದೆವು, ಅದೂ ಅದೇ ಸಾಲದ ಗುಂಪಿನಲ್ಲಿದ್ದ ಆಶಾ ಕಾರ್ಯಕರ್ತೆಯಿಂದ. ಎಲ್ಲರೂ ‘ಏನೂ ಇಲ್ಲ’ ಅಂದರು. ಗುಂಪಿನಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಂಥವರ ಎದುರು ಯಾರು ಬಾಯಿ ಬಿಡುತ್ತಾರೆ?

ಹಣ ಹಾಕಬೇಕಾದ್ದು ಕಫ್‌ಗೆ, ಅಂದರೆ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿಗೆ. ಡಿಜಿಟಲ್ ಮಷಿನ್ ಎರಡು ಸಾವಿರದ ಆಸುಪಾಸು, ದೊಡ್ಡ ಕಫ್ ಬೇರೆಯಾಗಿ ಆರೇಳು ನೂರು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಬಿಪಿ ಸುಳ್ಳಾಗಿ ಏರುತ್ತದೆ. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಡಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕಿರಲಿ, ಮಾತು ಬೇಡ. ಎರಡು ಸಲ ನೋಡಿ ಸರಾಸರಿ ಬರೆಯಿರಿ. ಒಮ್ಮೆ ಪರೀಕ್ಷೆಗೆಂದೇ ಅಳೆಯುವಾಗ ಮನೆ ವಿಷಯ ಮಾತಾಡಿಸಿದೆವು. ಮೇಲಿನ ಅಂಕಿ ಹತ್ತರ ಹತ್ತಿರ ಜಿಗಿಯಿತು, ಸೊಸೆಯ ಮಾತು ಬಂದಾಗ ಇನ್ನೂ ಜಾಸ್ತಿ.

ಚೀಟಿಯಲ್ಲಿ ಗೆರೆ ಹಾಕಿದ ಏಳು ಮನೆ, ವಾರದ ದಿನಕ್ಕೊಂದು. ಕಂತು ಯಾವತ್ತು, ನಿದ್ದೆ ಎಷ್ಟು ಗಂಟೆ, ಬೆಳಗಿನ ತಿಂಡಿ ಆಯಿತೇ, ಗುಳಿಗೆ ನುಂಗಿದರೇ, ನೋವಿನ ಮಾತ್ರೆ ತೊಗೊಂಡರೇ. ಓದಲು ಬಾರದವರಿಗೆ ಚುಕ್ಕೆ ಇಟ್ಟರೆ ಸಾಕು. ಜೆರಾಕ್ಸ್ ಒಂದಕ್ಕೆ ಎರಡು ರೂಪಾಯಿ.

ನಾಲ್ಕನೇ ವಾರಕ್ಕೆ ಕಣ್ಣಿಗೆ ಬಿದ್ದದ್ದು ಇಷ್ಟು. ನಮ್ಮಲ್ಲಿ ಕಂತು ಕಟ್ಟುವ ದಿನ ಮಂಗಳವಾರ, ಬಿಪಿ ನೋಡುವುದೂ ಅವತ್ತೇ. ಬೆಳಿಗ್ಗೆ ಎಂಟಕ್ಕೆ ವಸೂಲಿಯವರು ಬರುತ್ತಾರೆ, ಹಿಂದಿನ ರಾತ್ರಿ ನಿದ್ದೆ ಇಲ್ಲ, ಕೈಸಾಲಕ್ಕೆ ಮನೆ ಮನೆ ಅಲೆತ, ತಿಂಡಿ ಇಲ್ಲ. ‘ತಿಂಡಿ ಆದ ಮೇಲೆ ಗುಳಿಗೆ’ ಅಂತ ನಾವೇ ಹೇಳಿದ್ದೆವಲ್ಲ, ಹಾಗಾಗಿ ಗುಳಿಗೆಯೂ ಇಲ್ಲ! ಚಿಂತೆಗೆ ಬಿಪಿ ಆ ಗಳಿಗೆ ಏರಿ ಇಳಿಯುವುದು ಒಂದು. ಚಿಂತೆಯಿಂದ ಗುಳಿಗೆ, ನಿದ್ದೆ, ಊಟ ತಪ್ಪುವುದು ಇನ್ನೊಂದು. ವರ್ಷಗಟ್ಟಲೆ ಹಾನಿ ಮಾಡುವುದು ಎರಡನೆಯದೇ ಹೆಚ್ಚು ಅನ್ನುವುದು ನಮ್ಮ ತೀರ್ಮಾನ.

ಬದಲಾಯಿಸಿದ್ದು ಎರಡೇ. ತಪಾಸಣೆಯನ್ನು ಗುರುವಾರಕ್ಕೆ ತಂದೆವು. ಡಾಕ್ಟರನ್ನು ಕೇಳಿ ಅಮ್ಲೋಡಿಪಿನ್ನನ್ನು ರಾತ್ರಿ ಮಲಗುವ ಹೊತ್ತಿಗೆ ಹಾಕಿದೆವು. ಅದಕ್ಕೆ ಊಟದ ಹಂಗಿಲ್ಲ. ಬಿಪಿ ಗುಳಿಗೆ ಬೆಳಿಗ್ಗೆ ನುಂಗಿದರೂ ರಾತ್ರಿ ನುಂಗಿದರೂ ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ ಎಂದು 2022ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಅಧ್ಯಯನವೂ ಹೇಳಿದೆ. ಆದರೆ ಮಂಗಳವಾರದ ಬಿಪಿಯನ್ನು ಪೂರ್ತಿ ಕೈಬಿಡಬೇಡಿ, ತಿಂಗಳಿಗೊಮ್ಮೆ ಅವತ್ತೂ ನೋಡಿ. 180/110 ದಾಟಿದರೆ ಚೀಟಿ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಕಳಿಸಿ.

ಚೀಟಿಯಲ್ಲಿ ನೋವಿನ ಮಾತ್ರೆಯ ಪ್ರಶ್ನೆಯನ್ನು ಮರೆಯಬೇಡಿ. ಕಂತು ಹೊಂದಿಸಲು ಕೂಲಿ ಕೆಲಸ ಜಾಸ್ತಿ, ಮೈಕೈ ನೋವಿಗೆ ಅಂಗಡಿಯ ಡೈಕ್ಲೋಫೆನಾಕ್. ಅದೇ ಬಿಪಿಯನ್ನು ಏರಿಸುತ್ತದೆ. ನಿಲ್ಲಿಸಿದ ಮೂವರಲ್ಲಿ ಇಬ್ಬರಿಗೆ ಎರಡನೇ ಗುಳಿಗೆ ಬೇಕಾಗಲೇ ಇಲ್ಲ.

ಚೀಟಿಯ ಜೊತೆಗೇ ಮಾಡಿದ ಇನ್ನೊಂದು ಪ್ರಯೋಗ ಉಪ್ಪಿನದು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಸಿ. ತಲೆಗೆ ದಿನಕ್ಕೆ 5 ಗ್ರಾಂ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ 1 ಕೆಜಿ 50 ದಿನ ಬರಬೇಕು. ನಮ್ಮ ಕಡೆ 25-30 ದಿನಕ್ಕೇ ಖಾಲಿ, ಅಂಗಡಿಯ ಹಪ್ಪಳ, ಉಪ್ಪಿನಕಾಯಿ ಬೇರೆ. ಉಪನ್ಯಾಸಕ್ಕಿಂತ ಆ ತಾರೀಕು ಚೆನ್ನಾಗಿ ಕೆಲಸ ಮಾಡಿತು. ನಿಮಿಷಕ್ಕೆ ಆರು ಉಸಿರಿನ ಅಭ್ಯಾಸವನ್ನು ಹತ್ತು ನಿಮಿಷ ಮಾಡಿಸಿದರೆ ಎಂಟು ಪಾಯಿಂಟ್‌ನಷ್ಟು ಇಳಿಯುತ್ತಿತ್ತು, ಮರುದಿನ ಮತ್ತೆ ಮೊದಲಿನಷ್ಟೇ.

ಸಾಲ ಮತ್ತು ಗಂಡನ ಕುಡಿತದ ಪ್ರಶ್ನೆಯನ್ನು ಕೊನೆಗೆ, ತೂಕ ನೋಡುವ ಒಳಕೋಣೆಯಲ್ಲಿ ಕೇಳಿ. ಹೇಗೆ ಶುರು ಮಾಡುತ್ತೇವೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ; ಊರಿನ ಹೆಂಗಸರೂ ಇದನ್ನು ಓದುತ್ತಾರೆ, ಓದಿದರೆ ಅದು ನಡೆಯುವುದಿಲ್ಲ. ವಸೂಲಿಗೆ ಬೆದರಿಸುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ತಂದ ಕಾನೂನಿನ ಬಗ್ಗೆ ಮಾತ್ರ ಅಲ್ಲೇ ಹೇಳಿ ಕಳಿಸಿ.

ನೆನಪಿನ ಲೆಕ್ಕ: ಅರವತ್ತು ಜನರಲ್ಲಿ ಮೊದಲು ಇಪ್ಪತ್ತರ ಹತ್ತಿರ 140/90ರ ಕೆಳಗಿದ್ದರು, ಎಂಟು ತಿಂಗಳಿಗೆ ನಲವತ್ತು ದಾಟಿತು. ಉಳಿದವರಲ್ಲಿ ಹೆಚ್ಚಿನವರು ರಾತ್ರಿ ಪಾಳಿಯ ಗಾರ್ಮೆಂಟ್ಸ್ ವಾಚ್‌ಮನ್‌ಗಳು. ಅವರ ವಾರಕ್ಕೆ ಈ ಏಳು ಮನೆಯ ಚೀಟಿ ಹೊಂದುತ್ತಿಲ್ಲ, ಬೇರೆಯದು ಬರೆಯುತ್ತಿದ್ದೇವೆ.